ಗಡಿಗೆಪೇಟೆಯ ಜಲವೀಕ್ಷಣೆ

ಬಹಳ ಹಿಂದೆ, ಅಂದರೆ ನಲ್ಲಿ ತಿರುಗಿಸಿದರೆ ನೀರೇ ಬರುತ್ತಿದ್ದಷ್ಟು ಹಿಂದೆ, ತೃಪ್ತಿವರ್ಧನರೆಂಬ ಮಹಾರಾಜರು ಆಳುತ್ತಿದ್ದ ಒಂದು ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಗಡಿಗೆಪೇಟೆಯೆಂಬ ಬಡಾವಣೆ. ಆ ಬಡಾವಣೆಗೆಲ್ಲ ಒಂದೇ ನೀರಿನ ತೊಟ್ಟಿ. ಒಂದು ಬೇಸಿಗೆಯಲ್ಲಿ ಅದರ ನೀರು ಗೇಣುದ್ದ ಇಳಿಯಿತು. ಬೇಸಿಗೆಯಲ್ಲಿ ನೀರು ಇಳಿಯುವುದು ಲೋಕರೂಢಿ. ಆದರೆ ತಮ್ಮ ಅಪ್ಪಣೆಯಿಲ್ಲದೆ ಏನಾದರೂ ಇಳಿಯುವುದು ಪ್ರಭುಗಳಿಗೆ ಸರಿಬರಲಿಲ್ಲ. ತೊಟ್ಟಿಯ ಮೇಲೆ ರಿಯಲ್ ಟೈಮ್ ನಿಗಾ ಇಡತಕ್ಕದ್ದೆಂದು ಆಜ್ಞೆ ಹೊರಡಿಸಿ, ಅದೇ ಪೇಟೆಯ ನಿವಾಸಿ ವೃಷಕೇತುವನ್ನು ಮಹಾಜಲವೀಕ್ಷಕನನ್ನಾಗಿ ನೇಮಿಸಿದರು.

ವೃಷಕೇತುವಿಗೆ ನೀರಿನ ವಿಷಯ ಏನೂ ಗೊತ್ತಿರಲಿಲ್ಲ; ಅದು ಹುದ್ದೆಗೆ ಅಡ್ಡಿಯೂ ಆಗಲಿಲ್ಲ. ಮಟ್ಟ ನೋಡಲು ವೀಕ್ಷಕರನ್ನೂ, ವೀಕ್ಷಕರನ್ನು ನೋಡಲು ಉಪವೀಕ್ಷಕರನ್ನೂ, ಇವರೆಲ್ಲರನ್ನೂ ನೋಡಲು ಥರ್ಡ್ ಪಾರ್ಟಿ ಆಡಿಟರುಗಳನ್ನೂ ನೇಮಿಸಿಕೊಂಡ. ಆ ರಾಜ್ಯದಲ್ಲೊಂದು ಪದ್ಧತಿಯಿತ್ತು. ಸರ್ಕಾರಿ ಕೆಲಸಕ್ಕೆ ಬಂದವರ ಕಾಲಿಗೆ ಬಿಂದಿಗೆ ತುಂಬ ನೀರು ಸುರಿದು, ಕುಡಿಯಲು ಬೆಲ್ಲ ನೀರು ಕೊಡದೆ ಕೆಲಸ ಆರಂಭವಾಗಕೂಡದು. ತೊಟ್ಟಿ ನೋಡಲು ಬಂದವರಿಗೆ ತೊಟ್ಟಿಯ ನೀರನ್ನೇ ಕೊಡಬೇಕಲ್ಲವೆ? ನೋಡುವವರು ಹೆಚ್ಚಿದಂತೆ ನೀರು ಇಳಿಯಿತು, ನೀರು ಇಳಿದಂತೆ ನೋಡುವವರು ಹೆಚ್ಚಿದರು. ಮನೆಗಳ ನಲ್ಲಿಗಳು ಗೊರಗೊರ ಅಂದು ಸುಮ್ಮನಾದವು. ತೊಟ್ಟಿಯ ಸುತ್ತ ಮಾತ್ರ ಒಳ್ಳೆ ಕೆಸರಾಗಿ, ಹೊಸ ವೀಕ್ಷಕರ ಕಾಲುಗಳನ್ನು ಎರಡೆರಡು ಸಲ ತೊಳೆಯಬೇಕಾಗಿ ಬಂತು.

ವೃಷಕೇತುವಿನ ಮನೆಯಲ್ಲಿ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿಗೂ ಕೂಸಿಗೂ ಎರೆಯಲು ನೀರಿಲ್ಲ. ಕೂಸಿನ ಮೈಯೆಲ್ಲ ಬೆವರುಸಾಲೆ ಎದ್ದು, ಅದು ರಚ್ಚೆ ಹಿಡಿದಿತ್ತು. ಹೆಂಡತಿ ಭಾಗೀರಥಮ್ಮ ಪಕ್ಕದ ಪೇಟೆಯ ಬಾವಿಯಿಂದ ಕೊಡ ಹೊತ್ತು ಸೊಂಟ ಬೀಳಿಸಿಕೊಂಡಿದ್ದಳು.

“ನೋಡೋಕ್ ಬರೋರನ್ನ ನಿಲ್ಸಿ, ನೀರು ತಾನಾಗೇ ತೊಟ್ಟೀಲಿ ನಿಲ್ಲುತ್ತೆ. ಇಷ್ಟು ಹೇಳೋಕೆ ನಿಮಗೆ ಬಾಯಿಲ್ವಾ?” ಅಂದಳು.

ಅವನಿಗೂ ಹೌದೆನ್ನಿಸಿತು. ಹೇಳಿಯೇ ಬಿಡುತ್ತೇನೆಂದು ಪೇಟ ಬಿಗಿದುಕೊಂಡು ಆಸ್ಥಾನಕ್ಕೆ ಹೋದ. ಅಲ್ಲಿನ ಡ್ಯಾಶ್‌ಬೋರ್ಡಿನಲ್ಲಿ ನೀರಿನ ಸುದ್ದಿಯೇ ಇರಲಿಲ್ಲ. ವೀಕ್ಷಕರ ಸಂಖ್ಯೆಯನ್ನು ತೋರಿಸುವ ಹಸಿರು ಗೆರೆಯೊಂದು ಮೇಲಕ್ಕೇರುತ್ತಿತ್ತು. ಅದನ್ನು ನೋಡುತ್ತ ಪ್ರಭುಗಳು ಆನಂದಬಾಷ್ಪ ಸುರಿಸುತ್ತಿದ್ದರು. ರಾಜ್ಯದಲ್ಲಿ ಆಗ ಧಾರಾಳವಾಗಿ ಹರಿಯುತ್ತಿದ್ದ ನೀರು ಅದೊಂದೇ.

“ಏನೋ ಬಿನ್ನವಿಸಿಕೊಳ್ಳಲು ಬಂದಂತಿದೆ, ವೃಷಕೇತು,” ಎಂದರು ಪ್ರಭುಗಳು.

ಅವನು ಹಸಿರು ಗೆರೆಯತ್ತ ನೋಡಿ ಕೈಮುಗಿದ. “ಒಂದೇ ಕೊರತೆ, ಪ್ರಭು. ತೊಟ್ಟಿಯನ್ನು ಎಲ್ಲರೂ ನೋಡಿದ್ದಾರೆ. ತಾವೊಬ್ಬರು ನೋಡಿಲ್ಲ.”

ಮಾತು ಬಾಯಿಂದ ಬಿದ್ದದ್ದೇ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಷ್ಟರಲ್ಲಿ ಭೇರಿ ಬಾರಿಸಿಯಾಗಿತ್ತು.

ಪ್ರಭುಗಳು ಸಪರಿವಾರರಾಗಿ, ಆನೆಗಳ ಸಮೇತ ಗಡಿಗೆಪೇಟೆಗೆ ದಯಮಾಡಿಸಿದರು. ಅಷ್ಟೊಂದು ಕಾಲುಗಳಿಗೆ ಸಾಲುವಷ್ಟು ನೀರು ತೊಟ್ಟಿಯಲ್ಲಿ ಇರಲಿಲ್ಲವಾಗಿ, ಭಟರು ಮನೆಮನೆಗೆ ನುಗ್ಗಿ ಅಡುಗೆಮನೆ, ಬಚ್ಚಲುಮನೆಗಳಲ್ಲಿ ಇದ್ದಬದ್ದ ನೀರನ್ನೆಲ್ಲ ಹೊತ್ತು ತಂದರು. ಆನೆಗೆ ನಾಲ್ಕು ಕಾಲಿರುವುದು ಪೇಟೆಯವರಿಗೆ ಅಂದು ಬಹಳ ನೋವಿನಿಂದ ಅರಿವಾಯಿತು. ಪಾದಗಳನ್ನೆಲ್ಲ ತೊಳೆದು ಮುಗಿದ ಮೇಲೆ ಪ್ರಭುಗಳು ತೊಟ್ಟಿಯೊಳಕ್ಕೆ ಇಣುಕಿ, ತಳದ ಪಾಚಿಯನ್ನು ಬಹಳ ಹೊತ್ತು ಅವಲೋಕಿಸಿದರು. ಇನ್ನು ಮಟ್ಟ ಇಳಿಯುವ ಭಯವಿಲ್ಲ, ಸೋರಿಕೆ ಶೂನ್ಯ ಎಂದು ಆಡಿಟರುಗಳು ದೃಢೀಕರಿಸಿದರು. ಪ್ರಭುಗಳು ಸಂತುಷ್ಟರಾಗಿ, ವೃಷಕೇತುವಿಗೆ ಜಲರತ್ನ ಕಿರೀಟವನ್ನು ಅಲ್ಲಿಯೇ ತೊಡಿಸುವುದಾಗಿ ಸಾರಿದರು.

ಕಿರೀಟ ತೊಡುವವನ ಕಾಲನ್ನೂ ತೊಳೆಯಬೇಕು. ಭಟನೊಬ್ಬ ಉಳಿದಿದ್ದ ಕೊನೆಯ ಹಂಡೆಯನ್ನು ತಂದು ಸುರಿದ. ನೀರು ಬೆಚ್ಚಗಿತ್ತು. ಒಂದೆರಡು ಬೇವಿನೆಲೆಗಳು ಅವನ ಕಾಲ್ಬೆರಳುಗಳ ನಡುವೆ ಸಿಕ್ಕಿಕೊಂಡವು. ಅದು ಯಾರ ಮನೆಯ ಹಂಡೆ, ಯಾರ ಪುಟ್ಟ ಮೈಗೆಂದು ಕಾಯಿಸಿದ ನೀರು ಎಂಬುದು ಅವನಿಗೆ ಗೊತ್ತಾಯಿತು. ತಲೆಯ ಮೇಲೆ ಕಿರೀಟ ಕೂರುವಾಗ ಅವನು ಅಳುತ್ತಿದ್ದ. ವಿನಯವಂತ ಎಂದು ಆಸ್ಥಾನಿಕರು ಮೆಚ್ಚಿಕೊಂಡರು.

ಪ್ರಭುಗಳು ಬಗ್ಗಿ ಆ ನೀರಿಗೆ ಬೆರಳು ತಾಗಿಸಿ ನೋಡಿದರು. “ಬಿಸಿನೀರಿನ ಯೋಚನೆ ನಮಗೇ ಹೊಳೆದಿರಲಿಲ್ಲವಲ್ಲ,” ಎಂದು ಪ್ರಸನ್ನರಾಗಿ, ಇನ್ನು ಮುಂದೆ ವೀಕ್ಷಕರ ಪಾದಗಳಿಗೆ ಬಿಸಿನೀರನ್ನೇ ಒದಗಿಸತಕ್ಕದ್ದೆಂದು ಆಜ್ಞಾಪಿಸಿದರು. ಮರುದಿನದಿಂದ ಗಡಿಗೆಪೇಟೆಯ ಜನ ತೊಟ್ಟಿಯ ಬಳಿಗೆ ಪಕ್ಕದ ಪೇಟೆಯ ಬಾವಿ ನೀರಿನ ಜೊತೆ ಸೌದೆಯನ್ನೂ ಹೊರತೊಡಗಿದರು.