ಕಡೂರಿಗೆ ಬಂದ ಕಿವಿಕಲ್ಲು

ಸೋಮವಾರ ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಹುಟ್ಟಿ ಮೀನಿನ ಸಂಶೋಧನೆಗೆ ಇಳಿದವಳಿಗೆ ಇಂಥ ಪೇಚಾಟಗಳು ತಪ್ಪುವುದಿಲ್ಲ. ನನ್ನದು ಕಡಲ ಬಂಡೆಗಳ ಸಂದಿಯಲ್ಲಿರುವ ಮುರು ಮೀನು. ಅದರ ತಲೆಯೊಳಗೆ ಬಿಳಿ ಕಿವಿಕಲ್ಲಿರುತ್ತದೆ. ಅದರಲ್ಲಿ ವರ್ಷಕ್ಕೊಂದು ಗೆರೆ ಮೂಡುತ್ತದೆ, ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ಮೂರು ವರ್ಷ ಕೂಡಿಸಿದ ಕಲ್ಲುಗಳನ್ನು ನಂಬರು, ಮೀನಿನ ಅಳತೆ ಬರೆದ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿಟ್ಟು ರಜೆಗೆ ಊರಿಗೆ ತಂದಿದ್ದೆ. ಒಂದು ಮೀನಿನ ಕಲ್ಲು ಇನ್ನೊಂದರ ಪೊಟ್ಟಣಕ್ಕೆ ಸೇರಿದರೆ ನನ್ನ ಪಿಎಚ್‌ಡಿ ನೀರಿನಲ್ಲಿ ಹೋಮ.

ಒಂದು: ತರೀಕೆರೆ ಬಸ್ಸು

ನಿಮಿಷಕ್ಕೊಮ್ಮೆ ಬ್ಯಾಗು ತಡಕುತ್ತಿದ್ದೆ. ಪಕ್ಕದ ಅಜ್ಜ ಕೇಳಿದರು, "ಅದೇನವ್ವಾ ಅದ್ರಲ್ಲಿ?"

ಹೇಳಿದೆ. ಅವರು ಯೋಚಿಸಿ, ನನ್ನ ಕಡೆ ತಲೆ ಬಾಗಿಸಿ ಕಿವಿ ತೋರಿಸಿದರು. "ನಂದೂ ಒಂಚೂರು ನೋಡಿ ಬರ್ಕೊಡವ್ವಾ. ಪಿಂಚಣಿ ಆಫೀಸ್ನೋರು ನಂಗೆ ಇನ್ನೂ ಅರವತ್ತಾಗಿಲ್ಲ ಅಂತವ್ರೆ."

ಎರಡು: ಅಜ್ಜಂಪುರದ ದೊಡ್ಡಮ್ಮ

ದೊಡ್ಡಮ್ಮನಿಗೆ ಮುರುವಿನ ಸಂಸಾರ ವಿವರಿಸಿದೆ. "ಎಲ್ಲಾ ಹೆಣ್ಣಾಗೇ ಬೆಳೀತವೆ, ಮೊಟ್ಟೆ ಇಡ್ತವೆ. ತುಂಬಾ ದೊಡ್ಡವಾದ್ಮೇಲೆ ಕೆಲವು ಗಂಡಾಗ್ತವೆ. ಬಲೆಯೋರು ದೊಡ್ಡವನ್ನೇ ಹಿಡೀತಾ ಹೋದ್ರೆ ಗಂಡೇ ಸಾಲಲ್ಲ."

ದೊಡ್ಡಮ್ಮ ಜಗಲಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ದೊಡ್ಡಪ್ಪನನ್ನು ಒಮ್ಮೆ ನೋಡಿದರು. "ಹೆರೋದು ಸಾಕೋದು ಎಲ್ಲಾ ಮುಗ್ಸಿ, ವಯಸ್ಸಾದ್ಮೇಲೆ ಗಂಡಾಗಿ ಕೂತ್ಕೊಳೋದು. ನಮಗ್ಯಾಕೆ ಹೊಳೀಲಿಲ್ವೋ ಇದು!"

ಮೂರು: ಕಡೂರಿನ ಮನೆ

ಅಪ್ಪನ ಕಣ್ಣಿಗೆ ಬೀಳದಿರಲಿ ಎಂದು ಪೊಟ್ಟಣಗಳನ್ನು ಖಾಲಿ ವಿಭೂತಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಸ್ನಾನ ಮುಗಿಸಿ ಬಂದರೆ ಡಬ್ಬಿ ಇಲ್ಲ. ದೇವರ ಕೋಣೆಗೆ ಓಡಿದೆ. ಅಜ್ಜಿ ಕೊನೆಯ ಕಲ್ಲಿಗೆ ನೀರೆರೆದು, ವಿಭೂತಿ ಹಚ್ಚಿ, ಒರೆಸುತ್ತಿದ್ದರು.

"ಯಾವ ಕ್ಷೇತ್ರದ್ದೇ ಇವು? ಪೂಜೆ ಇಲ್ದೆ ಡಬ್ಬೀಲಿಟ್ಟಿದೀಯಲ್ಲ!"

"ಅಜ್ಜೀ, ಪೊಟ್ಟಣದ ನಂಬರು?" ನನಗೆ ಅಳುವೇ ಬಂದಿತ್ತು.

"ಒಬ್ರ ಲಿಂಗ ಇನ್ನೊಬ್ರದ್ರ ಜೊತೆ ಬೆರೆಸೋ ಮನೆತನ ಏನೇ ನಮ್ದು? ಒಂದೊಂದನ್ನೇ ತೆಗ್ದು, ಪೂಜೆ ಮಾಡಿ, ಅದ್ರದ್ರ ಚೀಲಕ್ಕೇ ಹಾಕೀನಿ."

ಪೊಟ್ಟಣಗಳನ್ನು ಒಂದೊಂದಾಗಿ ನೋಡಿದೆ. ದೊಡ್ಡ ಮೀನಿನ ಚೀಟಿಗೆ ದೊಡ್ಡ ಕಲ್ಲು, ಸಣ್ಣದಕ್ಕೆ ಸಣ್ಣದು, ಎಲ್ಲ ಸರಿಯಾಗಿತ್ತು. ಆ ಸಂತೋಷದಲ್ಲಿ ಬಾಯಿ ತಡೆಯಲಾಗದೆ ನಿಜ ಹೇಳಿಬಿಟ್ಟೆ. "ಅಜ್ಜೀ, ಅವು ಮೀನಿನ ತಲೆಯೊಳಗಿನವು. ಬೇರೆ ಮೀನು ತಿಂದು ಬದುಕೋ ಮೀನು."

ಅಜ್ಜಿ ಕೈಯಲ್ಲಿದ್ದ ಕಲ್ಲನ್ನು ಅದರ ಪೊಟ್ಟಣಕ್ಕೆ ಜೋಪಾನವಾಗಿ ಇಳಿಸಿದರು.

"ನಿಮ್ಮಪ್ಪಂಗೆ ಹೇಳ್ಬೇಡ. ಆಗಿದ್ದಾಯ್ತು, ವಿಭೂತಿ ಹಚ್ಚಾಯ್ತು. ಇನ್ಮೇಲೆ ಮೀನು ತಿನ್ನೋದು ಬಿಡ್ಬೇಕು ಅಂತ ಅವಕ್ಕೆ ಹೇಳ್ಬಿಡು."