ಹೆಲಿಕಾಪ್ಟರಿನಲ್ಲಿ ಬಂದ ಸೂಲಗಿತ್ತಿ

ನಮ್ಮ ಕಾಕಾನಷ್ಟು ಕೆಟ್ಟ ಸಿನಿಮಾಗಳನ್ನು ನೋಡಿದ ಮನುಷ್ಯ ಇಡೀ ಗೋವಾದಲ್ಲಿ ಇನ್ನೊಬ್ಬನಿಲ್ಲ! ಇದು ಬೈಗುಳವಲ್ಲ ಮತ್ತೆ. ಅವನ ಎದುರಿಗೇ ಹೇಳಿದರೂ ಕಾಲರ್ ಸರಿಮಾಡಿಕೊಂಡು, ‘ಗೋವಾ ಯಾಕ, ಕೊಲ್ಲಾಪುರದ ತನಕ ಹುಡುಕ್ರಿ’ ಅನ್ನುತ್ತಾನೆ. ಒಳ್ಳೆಯ ಸಿನಿಮಾ ಅವನಿಗೆ ಆಗಿಬರುವುದಿಲ್ಲ. ‘ಚಲೋ ಸಿನಿಮಾಕ್ಕ ಮಂದಿ ತಾವ ಬರ್ತಾರ. ಕೆಟ್ಟವಕ್ಕ ನಾನೂ ಹೋಗಲಿಲ್ಲಂದ್ರ ಯಾರ ಹೋಗ್ತಾರ?’ ಎಂಬುದು ಅವನ ವಾದ. ಅನಾಥ ಮಕ್ಕಳ ಬಗ್ಗೆ ಮಾತಾಡುವ ದನಿಯಲ್ಲಿ ಇದನ್ನು ಹೇಳುತ್ತಾನೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯ ನಮ್ಮೂರು ಬಿಟ್ಟು ಗೋವಾಕ್ಕೆ ಬಂದು ಮೂವತ್ತು ವರ್ಷಗಳ ಮೇಲಾಯಿತು. ಫೋಂಡಾದಲ್ಲಿ ಒಂದು ಕೋಣೆ, ವೆರ್ಣಾದ ಔಷಧಿ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ. ಮಕ್ಕಳಿಲ್ಲ. ಕಾಕು, ಅಂದರೆ ಅವನ ಹೆಂಡತಿ, ತೀರಿಕೊಂಡು ಎಂಟು ವರ್ಷವಾಯಿತು. ನಾನು ಮದುವೆಯಾಗಿ ಫೋಂಡಾಕ್ಕೆ ಬಂದದ್ದು ಅದಾದ ಮೇಲೆ. ಬಂದ ತಿಂಗಳಲ್ಲೇ ಕಾಕಾ ನನ್ನನ್ನು ತನ್ನ ಕಾರ್ಖಾನೆಯ ಪ್ಯಾಕಿಂಗಿಗೆ ಸೇರಿಸಿದ. ಕೆಲಸ ಕೊಡಿಸಿದ ಎಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅವನಿಗೆ ಬೇಕಾಗಿದ್ದದ್ದು ಕಂಪನಿ ಬಸ್ಸಿನಲ್ಲಿ ಇನ್ನೊಬ್ಬ ಆಟಗಾರ್ತಿ!

ಆಟದ ವಿಷಯ ಹೇಳಬೇಕು. ಬೆಳಿಗ್ಗೆ ಫೋಂಡಾದಿಂದ ಹೊರಡುವ ಕಂಪನಿ ಬಸ್ಸು ಹೇಗಿರುತ್ತದೆ ಎಂದು ನಿಮಗೆ ಗೊತ್ತೇ? ನಲವತ್ತು ಜನ, ನಲವತ್ತು ಜನರ ಕಿವಿಯಲ್ಲೂ ವೈರು, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಮ್ಮ ಬಸ್ಸು ಮಾತ್ರ ಹಾಗಲ್ಲ. ಬಸ್ಸು ಸ್ಟ್ಯಾಂಡ್ ಬಿಟ್ಟ ಕೂಡಲೇ ಕಾಕಾ ಎದ್ದು ನಿಂತು ಒಂದು ಕೆಟ್ಟ ಸಿನಿಮಾದ ಮೊದಲ ಸುಳಿವು ಕೊಡುತ್ತಾನೆ. ಎರಡನೆಯದು ಬೋರಿ ಸೇತುವೆಯ ಮೇಲೆ. ಮೂರನೆಯದು ವೆರ್ಣಾದ ಗೇಟು ಕಾಣುವಾಗ. ಗೇಟಿನಲ್ಲಿ ಹಾಜರಿಯ ಪಂಚಿಂಗ್ ಮಾಡುವುದರೊಳಗೆ ಸಿನಿಮಾದ ಹೆಸರು ಹೇಳಬೇಕು. ಗೆದ್ದವರಿಗೆ ಸಂಜೆ ವಾಪಸ್ ಬರುವಾಗ ಕಾಕಾನ ಕಿಟಕಿ ಸೀಟು.

‘ನಾಯಕಗ ಹಾವು ಕಡೀತೈತಿ. ಸಾಯೋದು ಹಾವು!’ ಎಂದ ಒಂದು ದಿನ.

‘ಏ ಕಾಕಾ, ಅಂಥಾವು ಹನ್ನೊಂದು ಅದಾವ್ರಿ!’ ಎಂದಳು ನನ್ನ ಜೊತೆ ಪ್ಯಾಕಿಂಗ್ ಮಾಡುವ ಶಾಂತವ್ವ.

ಸೇತುವೆ ಬಂತು. ‘ಹಾವಿಗೂ ನಾಯಕಗೂ ಹಿಂದಿನ ಜನ್ಮದ ಗುರುತು. ಇಬ್ರೂ ಒಂದ ಸಾಲ್ಯಾಗ ಕಲಿತಿರ್ತಾರ.’

‘ಹಂಗಾರ ಹನ್ನೊಂದು ಇದ್ದದ್ದು ಮೂರಕ್ಕ ಬಂತ್ರಿ’ ಎಂದಳು ಶಾಂತವ್ವ.

ಅಷ್ಟರಲ್ಲಿ ಕೊಂಕಣಿಯ ನಮ್ಮ ಡ್ರೈವರ್, ‘ರಾವ್ ಕಾಕಾ, ರಾವ್!’ ಅಂದರೆ ತಾಳು ಎಂದು ತಡೆದು, ಬಸ್ಸಿನ ವೇಗ ತಗ್ಗಿಸಿ, ಹಿಂದಿನ ಲಾರಿಯವನ ಹಾರನ್ನಿಗೂ ಜಗ್ಗದೆ ಯೋಚಿಸಿ, ಹೆಸರು ಹೇಳಿಯೇಬಿಟ್ಟ. ಸರಿಯಾಗಿತ್ತು! ಆದರೆ ಡ್ರೈವರನಿಗೆ ಕಿಟಕಿ ಸೀಟು ಕೊಡುವುದು ಹೇಗೆ? ಅದಕ್ಕೆ ಬದಲಾಗಿ ಕಾಕಾನೇ ಸಂಜೆ ಅವನ ಪಕ್ಕದಲ್ಲಿ ಕೂತು ಫೋಂಡಾದ ತನಕ ಅದೇ ಸಿನಿಮಾದ ಕಥೆಯನ್ನು ಪೂರ್ತಿ ಹೇಳಿದ. ಅದು ಬಹುಮಾನವೋ ಶಿಕ್ಷೆಯೋ ಆ ಡ್ರೈವರನನ್ನೇ ಕೇಳಬೇಕು.

ಭಾನುವಾರ ಕಾಕಾನ ಊಟ ನಮ್ಮ ಮನೆಯಲ್ಲಿ. ಊಟಕ್ಕಿಂತ ಮೊದಲು ರಿಮೋಟ್ ಅವನ ಕೈಗೆ ಹೋಗುತ್ತದೆ. ಒಮ್ಮೆ ಎಲ್ಲೂ ಇಲ್ಲದ ದರಿದ್ರ ಸಿನಿಮಾ ಒಂದನ್ನು ಹುಡುಕಿ ಹಚ್ಚಿದ. ಅರ್ಧ ತಾಸು ಚೆನ್ನಾಗಿ ಬೈದುಕೊಂಡು ಖುಷಿಯಾಗಿ ನೋಡಿದ. ಆಮೇಲೆ ಏನಾಯಿತೋ, ಆ ಸಿನಿಮಾ ದಾರಿಗೆ ಬಂತು. ತಾಯಿ ಮಗ ಮಾತಾಡುವ ದೃಶ್ಯವೊಂದರಲ್ಲಿ ನಮ್ಮವರು ಕಣ್ಣೊರೆಸಿಕೊಂಡರು. ಕಾಕಾ ಅಸಹ್ಯಪಟ್ಟು ಎದ್ದು ಚಪ್ಪಲಿ ಹುಡುಕತೊಡಗಿದ.

‘ಯಾಕ್ರೀ, ಹೊಂಟ್ರಿ?’ ಎಂದರು ನಮ್ಮವರು.

‘ಇದು ಸುಧಾರಿಸಾಕತ್ತೈತಿ. ನಾ ಬರ್ತೇನಿ.’

ಅವನ ಕೋಣೆಗೆ ನಾನು ಹೋಗುವುದು ಕಡಿಮೆ. ಒಮ್ಮೆ ರೊಟ್ಟಿ ಕೊಡಲು ಹೋದಾಗ ಒಳಗೆ ಯಾರೊಡನೆಯೋ ಜಗಳ ನಡೆದಿತ್ತು. ‘ಮೂರ್ಖ, ಹಿಂದ ನೋಡು! ಹಿಂದ ನಿಂತಾನಲ್ಲೋ!’ ಎಂದು ಕಾಕಾ ಕೂಗುತ್ತಿದ್ದ. ನಾನು ಹೆದರಿ ಬಾಗಿಲು ತಳ್ಳಿದರೆ ಒಳಗೆ ಅವನು ಮತ್ತು ಟೀವಿ, ಇಬ್ಬರೇ. ಸ್ಟೀಲಿನ ತಟ್ಟೆಯಲ್ಲಿ ಅನ್ನ ಆರಿತ್ತು. ನನ್ನ ಮುಖ ನೋಡಿ ಸ್ವಲ್ಪ ನಾಚಿಕೊಂಡ.

‘ಚಲೋ ಸಿನಿಮಾ ಹಚ್ಚಿದ್ರ ಬಾಯಿ ಮುಚ್ಚಿ ಕುಂದ್ರಬೇಕಾಗ್ತೈತವಾ. ಕೆಟ್ಟದ್ದರ ಜೋಡಿ ಆದ್ರ ಮಾತಾಡಬಹುದು’ ಎಂದ.

ಮನೆಗೆ ಬಂದು ನಮ್ಮವರಿಗೆ ಇದನ್ನು ತಮಾಷೆ ಎಂದೇ ಹೇಳಿದೆ. ಅವರು ನಗಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ನನಗೂ ನಗು ಬರಲಿಲ್ಲ.

ಇಷ್ಟೆಲ್ಲ ಆಟಗಳ ನಡುವೆ ಒಂದೇ ಒಂದು ಸಿನಿಮಾ ಯಾರಿಗೂ ಸಿಕ್ಕಿರಲಿಲ್ಲ. ವರ್ಷಕ್ಕೆ ನಾಲ್ಕೈದು ಬಾರಿ ಕಾಕಾ ಅದನ್ನು ಕೇಳುತ್ತಿದ್ದ. ‘ಜಗತ್ತಿನ್ಯಾಗ ಇದಕ್ಕಿಂತ ಕೆಟ್ಟ ಸಿನಿಮಾ ಇಲ್ಲ’ ಎಂದೇ ಪೀಠಿಕೆ. ನಿವೃತ್ತಿಗೆ ಒಂದು ತಿಂಗಳಿದೆ ಎನ್ನುವಾಗ ದಿನಾಲೂ ಅದನ್ನೇ ಕೇಳಲು ಶುರುಮಾಡಿದ. ಸುಳಿವುಗಳು ನಮಗೆಲ್ಲ ಬಾಯಿಪಾಠ. ಒಂದು: ನಾಯಕಿ ಮಳೆಯಲ್ಲಿ ಕುಣಿಯುತ್ತಾಳೆ, ಯಾಕೆಂದರೆ ಜೋಳ ಬಿತ್ತಿ ಹದಿನೈದು ದಿನವಾದರೂ ಮಳೆ ಬಂದಿರಲಿಲ್ಲ. ಎರಡು: ಖಳನಾಯಕ ಹೆಲಿಕಾಪ್ಟರಿನಲ್ಲಿ ಸೂಲಗಿತ್ತಿಯನ್ನು ಕರೆದುಕೊಂಡು ಬರುತ್ತಾನೆ! ಮೂರು: ಕೂಸಿನ ತೊಟ್ಟಿಲ ಕಾರ್ಯಕ್ಕೆ ತನ್ನನ್ನು ಕರೆಯಲಿಲ್ಲವೆಂದು ನಾಯಕ ನಲವತ್ತು ಜನರನ್ನು ಬಡಿಯುತ್ತಾನೆ.

ಬಸ್ಸಿಗೆ ಬಸ್ಸೇ ಹುಡುಕಾಟಕ್ಕೆ ಬಿತ್ತು. ಶಾಂತವ್ವ ತವರಿಗೆ ಫೋನ್ ಹಚ್ಚಿ ಮುದುಕರನ್ನೆಲ್ಲ ಕೇಳಿದಳು. ನಾನು ಮೊಬೈಲಿನಲ್ಲಿ ‘ಹೆಲಿಕಾಪ್ಟರ್ ಸೂಲಗಿತ್ತಿ’ ಎಂದು ಹುಡುಕಿದ್ದೇ ತಪ್ಪಾಯಿತು, ಮುಂದಿನ ಎಂಟು ದಿನ ಕೂಸಿನ ಪೌಡರಿನ ಜಾಹೀರಾತುಗಳು ಬೆನ್ನುಬಿಡಲಿಲ್ಲ. ನಮ್ಮ ಅತ್ತೆ ಅದನ್ನು ನೋಡಿ ಏನೇನೋ ಆಸೆ ಇಟ್ಟುಕೊಂಡು ನನಗೆ ದಿನಾ ಹಾಲು ಕುಡಿಸತೊಡಗಿದರು!

‘ಸೋತ್ವಿ ಕಾಕಾ, ಹೆಸರು ಹೇಳಿಬಿಡ್ರಿ’ ಎಂದು ಶಾಂತವ್ವ ಕೈಮುಗಿದಳು.

‘ಇನ್ನೂ ವಾರ ಐತಲ್ಲ, ನೋಡ್ರಿ, ನೆನಪು ಮಾಡ್ಕೋರಿ’ ಎಂದ ಕಾಕಾ. ಆಟದಲ್ಲಿ ಗೆಲ್ಲುತ್ತಿರುವವನ ದನಿ ಹಾಗಿರುವುದಿಲ್ಲ. ಅದು ನನಗೆ ಯಾಕೋ ಚುಚ್ಚಿತು.

ಆ ಭಾನುವಾರ ಊಟಕ್ಕೆ ಕೂತಾಗ ಬಿಡದೆ ಕೇಳಿದೆ. ಬಹಳ ಹೊತ್ತು ಅನ್ನ ಕಲಸಿದ. ಕಡೆಗೆ, ‘ಹೆಸರು ನನಗೂ ಗೊತ್ತಿಲ್ಲವಾ’ ಎಂದ.

ಇಷ್ಟು ವರ್ಷ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ ನಲವತ್ತು ಜನರ ತಲೆ ತಿಂದನೇ! ನಾನು ಸಿಟ್ಟಿಗೇಳಬೇಕು, ಅಷ್ಟರಲ್ಲಿ ಅವನೇ ಹೇಳತೊಡಗಿದ. ಮದುವೆಯಾದ ಹೊಸತು. ಕಾಕುವನ್ನು ಗೋವಾಕ್ಕೆ ಕರೆದುತಂದು ಮೂರು ವಾರವಾಗಿತ್ತು. ಸಿನಿಮಾ ತೋರಿಸುತ್ತೇನೆಂದು ಮಡಗಾಂವಿಗೆ ಕರೆದುಕೊಂಡು ಹೋದ. ಹಿಂದಿನ ದಿನ ಎರಡು ಶಿಫ್ಟ್ ಮಾಡಿದ್ದ. ಬಸ್ಸು ತಡವಾಗಿ, ಹೊರಗಿನ ಪೋಸ್ಟರನ್ನೂ ನೋಡದೆ, ಹೆಸರು ತೋರಿಸುವುದು ಮುಗಿದ ಮೇಲೆ ಒಳಗೆ ಹೋದರು. ಕುರ್ಚಿಯ ಮೇಲೆ ಕೂತದ್ದೊಂದೇ ಅವನಿಗೆ ನೆನಪು. ದೀಪ ಹತ್ತಿದಾಗ ಕಾಕು ಅವನ ಭುಜ ಅಲ್ಲಾಡಿಸಿ, ‘ಏಳ್ರಿ, ಮುಗೀತು’ ಅಂದಳು.

‘ನನಗ ಭಾಳ ನಾಚಿಕಿ ಆತು. ಬಸ್ಸಿನ್ಯಾಗ ಬರೋ ಮುಂದ, ಕತಿ ಏನಿತ್ತು ಅಂತ ಕೇಳಿದೆ. ಫೋಂಡಾ ಬರೂತನಕ ಹೇಳಿದ್ಲು. ಮಳಿ, ಸೂಲಗಿತ್ತಿ, ತೊಟ್ಟಿಲ, ಎಲ್ಲಾ. ಇಷ್ಟು ಕೆಟ್ಟ ಸಿನಿಮಾ ಇದ್ರ ನಾ ನಿದ್ದಿ ಮಾಡಿದ್ದ ಚಲೋ ಆತು ಬಿಡು ಅಂದೆ. ಹೆಂಗ ನಕ್ಕಳಂತಿ! ಆಮ್ಯಾಲೆ ಪ್ರತಿ ವಾರ ಕೆಟ್ಟ ಸಿನಿಮಾನ ಹುಡುಕಿ ಹೋಗ್ತಿದ್ವಿ. ಆದ್ರ ಆ ಮೊದಲನೇದು ಮತ್ತ ಸಿಗಲಿಲ್ಲ. ಯಾರರ ಹೆಸರು ಹೇಳಿದ್ರ, ರಿಟೈರ್ ಆದ ಮ್ಯಾಲೆ ಒಮ್ಮಿ ಕಣ್ಣು ತಗದು ಪೂರಾ ನೋಡೋಣಂತ.’

‘ಕಾಕಾ, ಅದು ಯಾವ ಭಾಷಾದ್ದು?’

‘ಹಿಂದಿ.’

‘ಕಾಕುಗ ಆವಾಗ ಹಿಂದಿ ಬರ್ತಿತ್ತೇನು?’

‘ಎಲ್ಲಿಂದ ಬರಬೇಕು! ಊರು ಬಿಟ್ಟು ಮೂರು ವಾರ. ಭಾಜಿ ಮಾರೋಳ ಹತ್ರ ಕೈಸನ್ನಿ ಮಾಡ್ತಿದ್ಲು...’

ಅವನ ಕೈ ತುತ್ತಿನೊಡನೆ ಅಲ್ಲೇ ನಿಂತಿತು.

ಬಾಯ್ಲರಿನ ಸದ್ದಿನಲ್ಲೇ ಯಾವ ವಾಲ್ವ್ ಸೋರುತ್ತಿದೆ ಎಂದು ಹೇಳುವ ಮನುಷ್ಯನಿಗೆ ಮೂವತ್ತು ವರ್ಷಗಳಲ್ಲಿ ಇದು ಹೊಳೆದಿರಲಿಲ್ಲ. ಒಂದು ಮಾತೂ ತಿಳಿಯದ ಸಿನಿಮಾ ಮುಂದೆ ಓಡುತ್ತಿದೆ, ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದಾನೆ, ಗುರುತಿಲ್ಲದ ಊರು. ಅವನನ್ನು ಎಬ್ಬಿಸಲೂ ಮನಸ್ಸಾಗದೆ ಹುಡುಗಿಯೊಬ್ಬಳು ಪರದೆಯ ಮೇಲೆ ಕಂಡದ್ದಕ್ಕೆಲ್ಲ ತನ್ನೂರಿನ ಕಾರಣ ಕೊಟ್ಟುಕೊಂಡು ಕೂತಿದ್ದಾಳೆ. ಮಳೆಯಲ್ಲಿ ಯಾರಾದರೂ ಕುಣಿದರೆ ಬಿತ್ತನೆಗಾಗಿಯೇ ಇರಬೇಕು. ಅಷ್ಟು ಅವಸರದಿಂದ ಹೆಲಿಕಾಪ್ಟರಿನಲ್ಲಿ ಬರುವವಳು ಸೂಲಗಿತ್ತಿಯಲ್ಲದೆ ಇನ್ಯಾರು? ತೊಟ್ಟಿಲಿಗೆ ಕರೆಯದಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಫೋಂಡಾದ ಅಂಗಡಿಗಳ ಮುಂದೆ ಹೀಗೆಯೇ ಮೂಕಿಯಾಗಿ ನಿಂತಿದ್ದೆ. ನನಗೆ ಕಾಕಾ ಇದ್ದ. ಅವಳಿಗೆ ಯಾರೂ ಇರಲಿಲ್ಲ, ಆ ನಿದ್ದೆ ಹೋದವನನ್ನು ಬಿಟ್ಟರೆ.

‘ಹೆಲಿಕಾಪ್ಟರಿನ್ಯಾಗ ಸೂಲಗಿತ್ತಿ!’ ಎಂದು ಕಾಕಾ ನಗತೊಡಗಿದ. ನೆತ್ತಿಗೇರಿ ನೀರು ಕುಡಿದು ಮತ್ತೆ ನಕ್ಕ. ನಮ್ಮವರೂ ನಕ್ಕರು, ನಾನೂ ನಕ್ಕೆ. ನಾವಿಬ್ಬರೂ ನಿಲ್ಲಿಸಿದ ಮೇಲೆ ನೋಡಿದರೆ ಅವನು ಅಳುತ್ತಿದ್ದ. ಆವತ್ತು ಟೀವಿ ಹಚ್ಚಲಿಲ್ಲ.

ಶನಿವಾರ ಅವನ ಕಡೆಯ ದಿನ. ವೆರ್ಣಾದ ಗೇಟು ಕಂಡಿತು. ಡ್ರೈವರ್ ಹೇಳದೆಯೇ ವೇಗ ತಗ್ಗಿಸಿದ. ನಮ್ಮ ಬಸ್ಸಿನಲ್ಲೂ ವೈರು ಬಿಡದ ಒಂದಿಬ್ಬರು ಅವತ್ತು ಅದನ್ನು ತೆಗೆದಿದ್ದರು.

‘ಇವತ್ತರ ಉತ್ತರ ಹೇಳ್ರಿ ಕಾಕಾ’ ಎಂದಳು ಶಾಂತವ್ವ.

ಕಾಕಾ ಸೀಟಿನ ಕಂಬಿ ಹಿಡಿದು ಎದ್ದು ನಿಂತ.

‘ಹೆಸರು ಸಿಗಲಿಲ್ಲವಾ. ಆದ್ರ ನನ್ನಿಂದ ಒಂದು ತಪ್ಪಾಗೇತಿ. ಇಷ್ಟ ದಿನ ಅದನ್ನ ಕೆಟ್ಟ ಸಿನಿಮಾ ಅಂದ್ನಲ್ಲ, ಅದು ಕೆಟ್ಟದ್ದಲ್ರಿ. ಭಾಳ ಚಲೋ ಇತ್ತು. ನಾನ ನಿದ್ದಿ ಮಾಡಿದ್ದೆ.’