ಗೊರಕೆ ಹೊಡೆಯುವ ಸಿಂಹದ ಬಾಯಿ ಮುಚ್ಚಿಸಿದ ಲೇಪನಕ್ಕೆ

ಮಾನ್ಯ ಶಿಲಾರಕ್ಷಕ ಪಾರದರ್ಶಕ ಲೇಪನ ಮಹಾಶಯರ ಥಳಥಳಿಸುವ ಸನ್ನಿಧಿಗೆ, ಸಾರ್ವಜನಿಕ ವಾಚನಾಲಯದಲ್ಲಿ ಪುಸ್ತಕ ಕೊಟ್ಟು ಪಡೆಯುವ ಗುಮಾಸ್ತನು ತನ್ನ ಕಿಟಕಿಯಿಂದ ಸೊಂಟ ಹಿಡಿಯುವಷ್ಟು ಬಾಗಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ, ತಾವು ನಮ್ಮ ಮರಳುಗಲ್ಲಿನ ಗೋಡೆಯ ಮೇಲೆ ದಯಮಾಡಿಸಿ ಒಂದು ಮಳೆಗಾಲ ಕಳೆಯಿತು. ನೀರು ಒಳಗೆ ಇಳಿಯದು, ಪಾಚಿ ಹತ್ತಿರ ಸುಳಿಯದು, ಕಲ್ಲಿಗೆ ಮುಪ್ಪೇ ಬಾರದು ಎಂದು ತಮ್ಮ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಮೊದಲನೆಯ ಮಾತನ್ನಂತೂ ತಾವು ಎಷ್ಟು ನಿಷ್ಠೆಯಿಂದ ನಡೆಸಿಕೊಟ್ಟಿರೆಂದರೆ, ಹೊರಗಿನ ನೀರನ್ನು ಒಳಗೆ ಬಿಡದಿದ್ದುದು ಮಾತ್ರವಲ್ಲ, ಒಳಗಿದ್ದ ನೀರನ್ನೂ ಹೊರಗೆ ಹೋಗಗೊಡಲಿಲ್ಲ. ಇಷ್ಟು ಕಟ್ಟುನಿಟ್ಟಿನ ಕಾವಲುಗಾರರನ್ನು ನಾನು ಸೆರೆಮನೆಯ ಬಾಗಿಲಲ್ಲೂ ಕಂಡಿಲ್ಲ.

ಆ ನೀರು ಒಳಗೆ ಹೇಗೆ ಬಂತೆಂದು ತಾವು ಕೇಳಬಹುದು. ದೊಡ್ಡ ಅಧಿಕಾರಿಯೊಬ್ಬರು ಮರುದಿನವೇ ಭೇಟಿ ಕೊಡುವವರಿದ್ದರು. ನಮ್ಮ ಬಾಗಿಲ ಪಕ್ಕ ಗೋಡೆಯಲ್ಲೇ ಕೆತ್ತಿರುವ ಸಿಂಹದ ಮೀಸೆಯಲ್ಲಿ ಪಾಚಿ ಬೆಳೆದಿತ್ತು. ಹಸಿರು ಮೀಸೆಯ ಸಿಂಹವು ಇಲಾಖೆಯ ಮರ್ಯಾದೆಗೆ ಕುಂದೆಂದು ಇಂಜಿನಿಯರ್ ಸಾಹೇಬರಿಗೆ ಅನ್ನಿಸಿತು. ಹಾಗಾಗಿ ಬೆಳಿಗ್ಗೆ ದೊಡ್ಡ ಪೈಪಿನಿಂದ ಗೋಡೆ ಹೊಟ್ಟೆ ತುಂಬ ಕುಡಿಯುವಷ್ಟು ನೀರು ಹಾರಿಸಿದರು. ಅದು ಆರುವ ತನಕ ಕಾಯುವಷ್ಟು ವ್ಯವಧಾನವಿಲ್ಲದೆ ಮಧ್ಯಾಹ್ನವೇ ತಮ್ಮನ್ನು ಬಳಿಸಿದರು. ಸ್ನಾನ ಮಾಡಿ ಮೈ ಒರೆಸಿಕೊಳ್ಳದವನಿಗೆ ರೇನ್‌ಕೋಟು ತೊಡಿಸಿ ಗುಂಡಿ ಹಾಕಿದಂತಾಯಿತು. ಬಂದ ಅಧಿಕಾರಿಯವರು ಮಾತ್ರ ಬಹಳ ಪ್ರಸನ್ನರಾಗಿ, ಗೋಡೆಯಲ್ಲೇ ಮುಖ ನೋಡಿಕೊಂಡು ಕ್ರಾಪು ಸರಿಪಡಿಸಿಕೊಂಡು ಹೋದರು.

ಆ ಸಿಂಹದ ವಿಷಯ ತಮಗೆ ಯಾರೂ ತಿಳಿಸಿರಲಾರರು. ಅದನ್ನು ಕೆತ್ತಿದವರು ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ. ಕಲ್ಲು ಕೆತ್ತುವುದೇ ಅವರ ಕಸುಬಾಗಿತ್ತು. ಘರ್ಜಿಸುವ ಸಿಂಹ ಬೇಕೆಂದು ವಾಚನಾಲಯದ ಸಮಿತಿಯವರು ಹೇಳಿದ್ದರಂತೆ. ಅತ್ತೆ ಸಿಂಹವನ್ನು ಎಂದೂ ಕಂಡವರಲ್ಲ; ಬಾಯಿ ತೆರೆದ ಪ್ರಾಣಿಯೆಂದರೆ ಅವರ ಕಣ್ಣಿಗೆ ಬೀಳುತ್ತಿದ್ದುದು ಊಟವಾದ ಮೇಲೆ ಕಲ್ಲುಗಳ ನಡುವೆ ಚಾಪೆ ಹಾಸಿ ಮಲಗುತ್ತಿದ್ದ ನನ್ನ ಮಾವನವರು. ಹೀಗೆ ನಮ್ಮ ಸಿಂಹ ಅರೆಗಣ್ಣು ಮುಚ್ಚಿ, ಮೀಸೆ ಇಳಿಬಿಟ್ಟು, ಗೊರಕೆ ಹೊಡೆಯುತ್ತ ಹುಟ್ಟಿತು. ವಾಚನಾಲಯಕ್ಕೆ ಘರ್ಜಿಸುವ ಸಿಂಹಕ್ಕಿಂತ ಮಲಗಿದ ಸಿಂಹವೇ ಶಿಸ್ತೆಂದು ಸಮಿತಿಯವರು ಅದನ್ನು ಒಪ್ಪಿಕೊಂಡರು. ಅಂದಿನಿಂದ, ವಾಯಿದೆ ಮೀರಿದ ಪುಸ್ತಕ ತರುವವರೆಲ್ಲ ಮೊದಲು ಅದರ ಮೂಗು ಸವರಿ, ಆಮೇಲೆ ನನ್ನ ಮುಖ ನೋಡುವುದು ರೂಢಿ.

ಮಾವನವರು ಫೋಟೊ ತೆಗೆಯುವವರನ್ನು ಕಂಡರೆ ಹಿತ್ತಲಿನಿಂದ ಪರಾರಿಯಾಗುತ್ತಿದ್ದ ಮನುಷ್ಯ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವರದೊಂದು ಚಿತ್ರವೂ ಇಲ್ಲ. ಇರುವುದು ಈ ಸಿಂಹವೊಂದೇ. ಈಚೆಗೆ ಅತ್ತೆಯ ಕಣ್ಣು ಮಂಜಾಗಿದೆ. ಅವರು ಸಂಜೆ ಬಂದು ಆ ಮುಖವನ್ನು ಬೆರಳಿನಿಂದ ನೋಡಿ, ಮನೆಯ ವರದಿ ಒಪ್ಪಿಸಿ ಹೋಗುತ್ತಾರೆ. ವರದಿಯ ಬಹುಪಾಲು ನನ್ನ ಮೇಲಿನ ಚಾಡಿಯೇ ಆಗಿರುತ್ತದೆ. ನನ್ನ ಕಿಟಕಿ ಪಕ್ಕದಲ್ಲೇ ಇರುವುದರಿಂದ ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ.

ತಾವು ಬಂದ ಸಂಜೆ ಅವರ ಬೆರಳು ಹಣೆಯಿಂದ ಗಲ್ಲಕ್ಕೆ ಸರ್ರನೆ ಜಾರಿತು. “ಅಳಿಯಂದಿರೇ, ಯಾರಿದು? ಇವರ ಮುಖಕ್ಕೆ ಎಣ್ಣೆ ಸುರಿದೋರು ಯಾರು?” ಎಂದು ಇಡೀ ಬೀದಿಗೆ ಕೇಳುವಂತೆ ಕೇಳಿದರು. ಅಂದು ನನ್ನ ಮೇಲೆ ಚಾಡಿ ಹೇಳದೆ ಹಿಂದಿರುಗಿದರು. ನಂಬಿ ಮಾನ್ಯರೇ, ನನಗೆ ಊಟ ಸೇರಲಿಲ್ಲ.

ಆಮೇಲೆ ಬಿಸಿಲು ಬಂತು. ಒಳಗೆ ಸಿಕ್ಕಿಬಿದ್ದ ನೀರು ದಾರಿ ಹುಡುಕುತ್ತ ಕಲ್ಲಿನ ಉಪ್ಪನ್ನೆಲ್ಲ ಹೊತ್ತು ಮುಂಬಾಗಿಲಿಗೆ ಬಂದರೆ, ಅಲ್ಲಿ ತಾವು ಅಡ್ಡ ನಿಂತಿದ್ದಿರಿ. ಉಪ್ಪು ತಮ್ಮ ಬೆನ್ನ ಹಿಂದೆಯೇ ಗಟ್ಟಿಯಾಗಿ ಉಬ್ಬಿತು, ತಾವೂ ಉಬ್ಬಿದಿರಿ, ಕೊನೆಗೆ ತಾವು ಹಕ್ಕಳೆಯಾಗಿ ಕಳಚುವಾಗ ಒಬ್ಬರೇ ಹೋಗುವುದು ಸರಿಯಲ್ಲವೆಂದು ಸಿಂಹದ ಎಡಗೆನ್ನೆಯನ್ನೂ ಅರ್ಧ ಮೀಸೆಯನ್ನೂ ಜೊತೆಗೆ ಕರೆದೊಯ್ದಿರಿ. ನನ್ನ ಹೆಂಡತಿ ಆ ಚೂರುಗಳನ್ನು ಊಟದ ಡಬ್ಬಿಯಲ್ಲಿ ಆಯ್ದಿಟ್ಟಿದ್ದಾಳೆ. ಅಪ್ಪನ ಮೀಸೆ ಇದ್ದ ಡಬ್ಬಿಯಲ್ಲಿ ಇನ್ನು ಪಲ್ಯ ಕಟ್ಟುವುದಿಲ್ಲವಂತೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ. ತಾವು ದಯವಿಟ್ಟು ಉಸಿರಾಡಲು ಕಲಿಯಬೇಕು. ಕಲಿಸುವ ಪುಸ್ತಕ ನಮ್ಮಲ್ಲಿದೆ, ವಾಯಿದೆಯಿಲ್ಲದೆ ಕೊಡುತ್ತೇನೆ. ಅದು ಕಷ್ಟವಾದರೆ ಒಳಗಿನ ನೀರಿಗೆ ಮಧ್ಯಾಹ್ನ ಅರ್ಧ ಗಂಟೆ ರಜೆಯಾದರೂ ಕೊಡಬೇಕು. ಅದಕ್ಕೂ ಮೇಲಿನವರ ಅಪ್ಪಣೆ ಬೇಕಿದ್ದರೆ ಸೂರ್ಯನಿಗೆ ಒಂದು ಮಾತು ಹೇಳಿ, ನಮ್ಮ ಬೀದಿಯ ಆಚೆ ಬದಿಗೆ ಮಾತ್ರ ಬಿಸಿಲು ಬೀಳುವಂತೆ ಏರ್ಪಾಡು ಮಾಡಬೇಕು.

ಇಷ್ಟರಲ್ಲಿ ಅತ್ತೆ ಸುಮ್ಮನೆ ಕೂರಲಿಲ್ಲ. ಹಳೆಯ ದಿನಪತ್ರಿಕೆಗಳನ್ನು ನನ್ನಿಂದ ಕೇಳಿ, ಅಂದರೆ ಕಸಿದುಕೊಂಡು, ನೆನೆಸಿ, ಹಿಟ್ಟಿನಂತೆ ನಾದಿ, ಬರಿದಾದ ಕೆನ್ನೆಗೆ ಪಟ್ಟು ಹಾಕಿದರು. ಒದ್ದೆ ಕಾಗದ ಆರುತ್ತ ಆರುತ್ತ ಉಪ್ಪನ್ನು ಎಳೆದುಕೊಳ್ಳುತ್ತದೆಯಂತೆ. ರಾಜಕೀಯದ ಸುದ್ದಿಯೂ ಚಿನ್ನದ ದರವೂ ಸೇರಿ ಒಂದು ಒಳ್ಳೆಯ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಣಗಿದ ಪಟ್ಟನ್ನು ಬಿಡಿಸಿ, ಒಳಮೈಗೆ ನಾಲಿಗೆ ತಾಗಿಸಿ, ಅತ್ತೆ ನಕ್ಕುಬಿಟ್ಟರು: “ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟ್ರು ಬಡ್ಕೊಂಡ್ರೂ ಕೇಳಲಿಲ್ಲ. ಈಗ್ಲೂ ಕದ್ದು ತಿಂತಾ ಇದ್ದಾರೆ!” ಆಮೇಲೆ ಬೆರಳನ್ನು ಸಿಂಹದ ಬಾಯೊಳಗಿಟ್ಟು, ಪಕ್ಕದಲ್ಲೇ ನಿಂತಿದ್ದ ನನ್ನ ಮೇಲೆ ಎರಡು ಚಾಡಿ ಹೇಳಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆ ಸಂತೋಷದ ನಡುವೆ ಇಲಾಖೆಯ ಸೂಚನೆ ಬಂದಿದೆ. ಗೋಡೆ ಉದುರಲು ಲೇಪನ ಸಾಲದೇ ಹೋದದ್ದೇ ಕಾರಣವೆಂದು ಇಂಜಿನಿಯರ್ ಸಾಹೇಬರು ಕಂಡುಹಿಡಿದಿದ್ದು, ಸೋಮವಾರ ತಮ್ಮ ಮೇಲೆಯೇ ತಮ್ಮನ್ನು ಇನ್ನೊಮ್ಮೆ ಬಳಿಯುವರಂತೆ. ಹಾಗಾದರೆ ಉಳಿದರ್ಧ ಮುಖವೂ ಮುಂದಿನ ಬೇಸಿಗೆಗೆ ಡಬ್ಬಿ ಸೇರುತ್ತದೆ. ಅತ್ತೆ ಆಗಲೇ ಓದುವ ಕೋಣೆಯಿಂದ ಒಂದು ಕುರ್ಚಿ ಹೊರಗೆ ಹಾಕಿಸಿ, ಸಿಂಹಕ್ಕೆ ಬೆನ್ನು ಕೊಟ್ಟು ಕೂತಿದ್ದಾರೆ. “ಬಳಿಯೋದಾದ್ರೆ ಮೊದಲು ನಂಗೆ ಬಳೀಲಿ. ನಾನೇನು ಕಮ್ಮಿ ಸವೆದಿದ್ದೀನಾ?” ಎನ್ನುತ್ತಾರೆ.

ಮಾನ್ಯರೇ, ಮಾವನವರು ಸದಾಕಾಲ ಉಳಿಯಲೆಂದು ನಾವು ಕೇಳುತ್ತಿಲ್ಲ. ಮರಳುಗಲ್ಲು ಸವೆಯುತ್ತದೆ, ಅದು ನಮಗೂ ಗೊತ್ತು. ಸವೆಯುವುದಾದರೆ ಆ ಮುಖ ಆಕೆಯ ಬೆರಳಿಗೆ ಸವೆಯಲಿ. ತಾವು ಮಾತ್ರ ಸೋಮವಾರ ಡಬ್ಬಿಯಲ್ಲೇ ಗಟ್ಟಿಯಾಗಿ ಉಳಿದುಬಿಡಿ.

ಇಂತಿ, ತಮ್ಮ ಹೊಳಪಿನಲ್ಲಿ ತನ್ನ ಬೋಳುತಲೆಯನ್ನು ನಿತ್ಯವೂ ಕಾಣುತ್ತಿರುವ,
ತಮ್ಮ ವಿಶ್ವಾಸಿ,
ವಾಚನಾಲಯದ ಗುಮಾಸ್ತ, ಸಿಂಹದ ಅಳಿಯ

ತಾ.ಕ.: ಇದನ್ನು ಬಹಿರಂಗವಾಗಿ ಬರೆದುದಕ್ಕೆ ಕ್ಷಮೆಯಿರಲಿ. ಮೊದಲು ಇಲಾಖೆಯ ದೂರುಪೆಟ್ಟಿಗೆಗೇ ಹಾಕಲು ಹೋಗಿದ್ದೆ. ಮಿಕ್ಕಿದ್ದ ತಮ್ಮನ್ನು ಆ ಪೆಟ್ಟಿಗೆಗೂ ಬಳಿದು, ಪತ್ರ ಹಾಕುವ ಸಂದನ್ನು ಅಚ್ಚುಕಟ್ಟಾಗಿ ಮುಚ್ಚಿದ್ದಾರೆ. ಅಲ್ಲಿ ಮಾತ್ರ ತಾವು ಒಂದಿಷ್ಟೂ ಉದುರಿಲ್ಲ.